ಮಾದಣ್ಣನ ಅಂಗೈ

ಮಾದಣ್ಣನಿಗೆ ಕಣ್ಣಿಗಿಂತ ಮೂಗಿನ ಮೇಲೆ ನಂಬಿಕೆ ಜಾಸ್ತಿ. ಟೀ ಕೊಟ್ಟರೂ ಮೂಸಿಯೇ ಕುಡಿಯುತ್ತಿದ್ದರು. ತಿ. ನರಸೀಪುರದ ಹತ್ತಿರದ ಹೆಮ್ಮಿಗೆಯಲ್ಲಿ ಪಂಪ್‌ಸೆಟ್ ಬಿಚ್ಚಿ ಕೈ ಪಳಗಿಸಿಕೊಂಡು, ಆಮೇಲೆ ಓದಿ, ವಿಮಾನದ ಮೆಕ್ಯಾನಿಕ್ ಆದವರು. ನಾನು ನಂಜನಗೂಡಿನವಳು, ಆಗಿನ್ನೂ ಹೊಸ ಪೈಲಟ್. ನಮ್ಮಿಬ್ಬರ ಧಣಿ ಬೆಂಗಳೂರಿನವರು. ತಮ್ಮ ಆರು ಸೀಟಿನ ವಿಮಾನದಲ್ಲಿ ಕಛ್‌ನ ಕರಾವಳಿ ಸುತ್ತುವುದು ಅವರ ಹುಚ್ಚು. ಕೆಳಗೆ ಉಪ್ಪಿನ ಬಯಲು, ಕೆಸರು, ಊರೇ ಇಲ್ಲದ ದಂಡೆ. ಅಂಥಲ್ಲಿ "ಉಂಡ್ಯೇನವ್ವ?" ಎಂಬ ಮಾದಣ್ಣನ ಮಾತು ಕಿವಿಗೆ ಬಿದ್ದರೆ ತವರಿಗೆ ಬಂದಂತಾಗುತ್ತಿತ್ತು.

ನನ್ನ ಆತುರ ಅವರಿಗೆ ತಮಾಷೆ. "ರಸಬಾಳೆ ತಿಂದು ಬೆಳ್ದೋರು ಕಣಪ್ಪ, ಎಲ್ಲಾನೂ ಸಲೀಸಾಗಿ ನುಂಗ್ಬೋದು ಅನ್ಕಂಡವ್ರೆ" ಎನ್ನುತ್ತಿದ್ದರು.

ಅಲ್ಲಿ ಪೆಟ್ರೋಲ್ ಬರುತ್ತಿದ್ದದ್ದು ಡ್ರಮ್ಮುಗಳಲ್ಲಿ. ಹಾರುವ ಮೊದಲು ಟ್ಯಾಂಕಿನ ತಳದಿಂದ ಒಂದಿಷ್ಟು ಲೋಟಕ್ಕೆ ಬಸಿದು ನೋಡಬೇಕು. ನೀರು ಸೇರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಂತು ಗೆರೆ ಕಾಣುತ್ತದೆ. ಒಂದು ಬೆಳಿಗ್ಗೆ ನಾನೇ ಬಸಿದೆ. ಗೆರೆ ಇರಲಿಲ್ಲ. "ಚೊಕ್ಕವಾಗಿದೆ ಮಾದಣ್ಣ, ಹೊರಡೋಣ" ಎಂದೆ. ಧಣಿ, ಅತಿಥಿಗಳು ಆಗಲೇ ಹತ್ತಿ ಕೂತಿದ್ದರು.

ಮಾದಣ್ಣ ಲೋಟ ಮೂಸಿದರು. ಅಂಗೈ ಮೇಲೆ ಸುರಿದುಕೊಂಡು ಕಾದರು. ಪೆಟ್ರೋಲಿನಂತೆ ಥಟ್ಟನೆ ಆರಲಿಲ್ಲ.

"ಗೆರೆ ಎಲ್ಲಿಂದ ಬತ್ತದವ್ವ?" ಎಂದರು, ನನಗಷ್ಟೇ ಕೇಳುವಂತೆ. "ಇದ್ರಲ್ಲಿ ಪೆಟ್ರೋಲೇ ಇಲ್ವಲ್ಲ. ಅಷ್ಟೂ ನೀರು."

ಸಮುದ್ರದ ಮೇಲೆ ಎಂಜಿನ್ ನಿಂತಿದ್ದರೆ? ವಿಷಯ ತಿಳಿದ ಧಣಿ ಕೆಂಡಾಮಂಡಲವಾದರು. ಸರಿಯಿದೆ ಎಂದವರು ಯಾರು, ಅವರನ್ನು ಇವತ್ತೇ ಮನೆಗೆ ಕಳಿಸುತ್ತೇನೆ ಎಂದರು.

"ನಾನೇ ಸಾ" ಎಂದರು ಮಾದಣ್ಣ. "ಡ್ರಮ್ ಸೋಸಿ ತುಂಬ್ಸೋನು ನಾನು. ಕಳ್ಸದಾದ್ರೆ ನನ್ನ ಕಳ್ಸಿ."

ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮಧ್ಯಾಹ್ನದೊಳಗೆ ಮಾದಣ್ಣ ಟ್ಯಾಂಕ್ ಪೂರಾ ಖಾಲಿ ಮಾಡಿ, ಹೊಸ ಪೆಟ್ರೋಲನ್ನು ನೀರು ತಡೆಯುವ ಮೆದು ತೊಗಲಿನಲ್ಲಿ ಸೋಸಿ ತುಂಬಿಸಿದರು. ಧಣಿ ಹತ್ತಲು ಬಂದಾಗ ಕೈ ಅಡ್ಡ ಹಿಡಿದರು. "ತಡೀರಿ ಸಾ. ನಮ್ಮಪ್ಪ ಕಾವೇರೀಲಿ ಅರಿಗೋಲ್ ಆಕೋರು. ತಳಕ್ಕೆ ಟಾರ್ ಬಳುದ್ರೆ ಮೊದ್ಲು ಮನೆಯೋರ್ನೇ ಕೂರ್ಸ್ಕಂಡು ಒಂದ್ ಸುತ್ತು ಬರೋರು. ಆಮೇಲೇ ಊರ್ ಜನ." ಹಾಗೆಂದು ನನ್ನ ಪಕ್ಕದಲ್ಲಿ ಬಂದು ಕೂತರು. "ನಡಿಯವ್ವ."

ಒಂದು ಸುತ್ತು ಹಾರಿ ಕೆಳಗಿಳಿದಾಗ ಧಣಿ ಮಾದಣ್ಣನ ಕೈ ಕುಲುಕಿದರು. ಇವರು ನಮ್ಮ ಸೀಮೆಯವರು ಎಂದು ಅವತ್ತು ನನ್ನ ಎದೆ ಉಬ್ಬಿತ್ತು.

ಹೋದ ವರ್ಷ ಮಾದಣ್ಣ ತೀರಿಕೊಂಡರು. ಹೆಮ್ಮಿಗೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ನೆಂಟರಿಗೆಲ್ಲ ತೋರಿಸಿದರು. "ಇದೇ ಕಣ್ರವ್ವ ಆ ಪೈಲಟ್ ಕೂಸು. ಒಂದ್ ದಿನಾನೂ ತಪ್ಪು ಮಾಡ್ನಿಲ್ಲ ಅಂತ ನಮ್ಮೋರು ಯಾವಾಗ್ಲೂ ಏಳೋರು."

ನಾನು ಅಲ್ಲೇ ಕೂತೆ. ಆ ಬೆಳಗಿನ ಕಥೆಯನ್ನು, ನನ್ನ ತಪ್ಪಿನಿಂದಲೇ ಶುರುಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ.