ಏನೂ ಮಾಡದ ತಾರಾನಾಥಣ್ಣ

"ತಾರಾನಾಥಣ್ಣನಾ? ಅವರು ಏನೂ ಮಾಡುವುದಿಲ್ಲ."

ಠಾಣೆ ಪಟ್ಟಣದ ವರ್ತಕ ನಗರದ ಆ ಹಳೇ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಸಿಗುತ್ತಿದ್ದ ಉತ್ತರ ಇದೊಂದೇ. ಕೆಳಗಿನ ಮನೆಯ ಮರಾಠಿ ಅಜ್ಜಿ "ಕಾಹೀ ಕರತ್ ನಾಹೀತ್, ಬಿಚಾರೆ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎದುರು ಮನೆಯ ಮೈಸೂರಿನ ಪಂಕಜಾ ಸ್ವಲ್ಪ ಬಣ್ಣ ಹಚ್ಚುತ್ತಿದ್ದರು. "ಹೆಂಡ್ತಿ ಸೀರೆ ಅಂಚಿನ ಪಿಕೊ ಮೆಷಿನ್ ತುಳಿದು ಸಾಕ್ತಾಳೆ ಕಣ್ರೀ. ಆ ಮನುಷ್ಯ ಎದ್ದು ಒಂದು ಲೋಟ ನೀರು ಬಗ್ಗಿಸ್ಕೊಳ್ಳಲ್ಲ!"

ಹೇಳುವವರಿಗೆಲ್ಲ ಅದು ಸುಳ್ಳು ಎಂದು ಗೊತ್ತಿತ್ತು. ಕೇಳುವವರಿಗೆ ಗೊತ್ತಿರಲಿಲ್ಲ. ಸುಳ್ಳು ಹುಟ್ಟಿದ್ದೇ ಕೇಳುವವರಿಗಾಗಿ.

ಅದು ಹೇಗೆ ಹುಟ್ಟಿತು ಎಂದು ತಿಳಿಯಬೇಕಾದರೆ ವಾಗ್ಳೆ ಎಸ್ಟೇಟಿಗೆ ಹೋಗಬೇಕು. ಉಡುಪಿ ಕಡೆಯ ತಾರಾನಾಥರು ಅಲ್ಲಿ ಕಾರ್ಖಾನೆಗಳ ನಡುವೆ ಒಂದು ಹೋಟೆಲು ಇಟ್ಟಿದ್ದರು. ಪಾಳಿ ಬಿಟ್ಟಿತೆಂದರೆ ಎಣ್ಣೆಗೈಯ ಜನ ಬೆಂಚುಗಳ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ಸಾಂಬಾರು ಬಕೆಟ್ಟು ಹಿಡಿದ ಮಾಣಿಗೆ ಓಡಾಡಲು ಜಾಗ ಇರುತ್ತಿರಲಿಲ್ಲ. ಆಮೇಲೆ ಒಂದೊಂದೇ ಕಾರ್ಖಾನೆ ಬೀಗ ಹಾಕಿತು. ಇಂದು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ತಾರಾನಾಥರು ಕಾದರು. ಬರೀ ಕಾದಿದ್ದರೆ ಏನೂ ಆಗುತ್ತಿರಲಿಲ್ಲ. ಅಕ್ಕಿ ಬೇಳೆ ಸಾಲ ತಂದು, ಒಲೆ ಉರಿಸಿಕೊಂಡು ಕಾದರು. ಎರಡು ಸಾವಿರದ ಎರಡನೇ ಇಸವಿಯಲ್ಲಿ ಠಾಣೆಯ ಕೋರ್ಟು ಅವರನ್ನು ದಿವಾಳಿ ಎಂದು ಘೋಷಿಸಿತು. ಕಾವಲಿ, ಬೆಂಚು, ಅಂಗಡಿ, ಹೆಂಡತಿಯ ಬಳೆ ಮಾರಿ ತಂದಿದ್ದ ಫ್ರಿಜ್ಜು, ಎಲ್ಲವೂ ಸಾಲ ಕೊಟ್ಟವರಿಗೆ ಹಂಚಲಿಕ್ಕೆಂದು ಕೋರ್ಟು ನೇಮಿಸಿದ ರಿಸೀವರರ ಕೈಗೆ ಹೋದವು.

ಅಲ್ಲಿಗೆ ಕತೆ ಮುಗಿಯಿತು ಎಂದು ಅವರು ತಿಳಿದರು. ಮುಗಿದಿರಲಿಲ್ಲ. "ನೀನಿನ್ನು ಮುಕ್ತ" ಎಂದು ಕೋರ್ಟು ಹೇಳುವವರೆಗೆ, ದಿವಾಳಿಯಾದವನಿಗೆ ಮುಂದೆ ಬರುವ ಹಣದಲ್ಲೂ ಸಾಲ ಕೊಟ್ಟವರಿಗೆ ಹಕ್ಕುಂಟು. ಹಾಗೆ ಹೇಳಿಸಿಕೊಳ್ಳಲು ತಾನೇ ಅರ್ಜಿ ಹಾಕಬೇಕು. ತಾರಾನಾಥರಿಗೆ ಆ ಮೆಟ್ಟಿಲನ್ನು ಇನ್ನೊಮ್ಮೆ ಹತ್ತುವ ಮುಖ ಇರಲಿಲ್ಲ. ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತ ನೆಂಟರೊಬ್ಬರು ಪಾಯಸ ಸುರಿದುಕೊಳ್ಳುತ್ತ ಕಿವಿಯಲ್ಲಿ ಊದಿದರು: "ನೋಡು ಮಾರಾಯ, ನಿನ್ನ ಹೆಸರಲ್ಲಿ ಒಂದು ಸೌಟೂ ಇರಬಾರದು. ಕೆಲಸ ಮಾಡಿದರೂ ಮಾಡ್ಲಿಲ್ಲ ಅನ್ನಬೇಕು."

ಆ ಮಾತನ್ನು ಅವರು ವ್ರತದ ಹಾಗೆ ಹಿಡಿದರು. ಗ್ಯಾಸು, ಫೋನು, ಮನೆಯ ಬಾಡಿಗೆ ಚೀಟಿ ಎಲ್ಲ ಹೆಂಡತಿ ದಮಯಂತಿಯ ಹೆಸರಿಗಾಯಿತು. ಬಾಗಿಲ ಮೇಲೆ 'ದಮಯಂತಿ ಫಾಲ್-ಪಿಕೊ' ಎಂಬ ಬೋರ್ಡು ಬಂತು. ಶಾಲೆಯಲ್ಲಿ ಅಪ್ಪನ ಕೆಲಸ ಕೇಳುತ್ತ ಟೀಚರು "ಪಪ್ಪಾ ಕ್ಯಾ ಕರ್ತೇ ಹೈಂ?" ಎಂದರೆ ಮಗಳು ದಿಶಾ ನಿಂತು "ಕುಛ್ ನಹೀಂ" ಎನ್ನಬೇಕು. ಮೊದಲ ಸಲ ಹಾಗೆ ಹೇಳಿ ಬಂದ ಮಗು ಊಟ ಮಾಡದೆ ಮಲಗಿದ್ದನ್ನು ತಾರಾನಾಥರು ನೋಡಿದರು.

ಆದರೆ ಮಾಡುತ್ತಿದ್ದುದು ಏನು? ವಾಶಿಯ ಸಗಟು ಮಾರ್ಕೆಟ್ಟಿಗೆ ಹೋಗುವುದು. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು, ಠಾಣೆ-ಡೊಂಬಿವಲಿಯ ಏಳೆಂಟು ಹೋಟೆಲುಗಳಿಗೆ ಬೇಕಾದ ಕುಂಬಳ, ನುಗ್ಗೆ, ತೆಂಗಿನಕಾಯಿಗಳನ್ನು ಆರಿಸಿ, ಚೌಕಾಸಿ ಮಾಡಿ, ಟೆಂಪೊಗೆ ಹೇರಿಸಿ ಕಳಿಸುವುದು. ಅವುಗಳಲ್ಲಿ ದೊಡ್ಡ ಹೋಟೆಲು ಅಕ್ಕನ ಮಗ ಜಯಶೀಲನದು. ಕೂಲಿ ಕೈಯಿಂದ ಕೈಗೆ. ರಸೀದಿ ಇಲ್ಲ, ಸಹಿ ಇಲ್ಲ. ಮನೆಯಲ್ಲಿ ಒಲೆ ಉರಿದದ್ದು, ದಿಶಾ ಕಾಲೇಜು ಸೇರಿದ್ದು ಅದರಿಂದ. ಕಟ್ಟಡದವರು ಅವರು ಮೆಟ್ಟಿಲಿಳಿಯುವ ಸದ್ದು ಕೇಳಿಯೇ ಹಾಲಿಗೆ ಎದ್ದೇಳುತ್ತಿದ್ದರು. ಚೀಲ ಹಿಡಿದ ಅಪರಿಚಿತ ಬಂದು ವಿಚಾರಿಸಿದರೆ ಮಾತ್ರ ಅವರು ಏನೂ ಮಾಡದ ತಾರಾನಾಥಣ್ಣ.

ಮಾರ್ಕೆಟ್ಟಿನಲ್ಲಿ ಅವರಿಗೆ ಒಬ್ಬರದೇ ಭಯ. ಠಾಣೆಯ ಅಕ್ಕಿ-ಬೇಳೆ ವ್ಯಾಪಾರಿ ಹರಿಶ್ಚಂದ್ರ. ಹೋಟೆಲು ಮುಳುಗಿದಾಗ ಎಲ್ಲರಿಗಿಂತ ಹೆಚ್ಚು ಕಳಕೊಂಡವರು ಇವರೇ. ಧಾನ್ಯ ಕೊಳ್ಳಲು ಅವರೂ ವಾಶಿಗೆ ಬರುತ್ತಿದ್ದರು. ಗೇಟಿನ ಚಹಾದ ಅಂಗಡಿಯಲ್ಲಿ ಅವರ ಬಿಳಿ ಟೋಪಿ ಕಂಡಿತೆಂದರೆ ತಾರಾನಾಥರು ಹೆಗಲ ಬೈರಾಸವನ್ನು ತಲೆಗೆ ಎಳೆದುಕೊಂಡು ಕುಂಬಳದ ರಾಶಿಯ ಹಿಂದೆ ಸರಿಯುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ಮಾರ್ಕೆಟ್ಟಿನೊಳಗೆ ಒಂದು ಟೆಂಪೊ ಹಿಂದೆ ನೋಡದೆ ಹಿಂದೆ ಬಂತು. ತಾರಾನಾಥರ ಬಲಗಾಲು ಅದರ ಚಕ್ರಕ್ಕೂ ಕಟ್ಟೆಗೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ಉಳಿಸಲಿಕ್ಕಾಗಲಿಲ್ಲ.

ಆಸ್ಪತ್ರೆಗೆ ಬಂದ ಪೊಲೀಸರು ಕೇಳಿದರು: "ಮಾರ್ಕೆಟ್ ಮೇ ಕ್ಯಾ ಕರ್ ರಹೇ ಥೇ?"

ಅರೆ ಎಚ್ಚರದಲ್ಲಿದ್ದ ತಾರಾನಾಥರ ಬಾಯಿಂದ ಅಭ್ಯಾಸದ ಮಾತೇ ಬಂತು. "ಕುಛ್ ನಹೀಂ ಸಾಬ್. ಐಸೇ ಹೀ ಆಯಾ ಥಾ."

ಸುಮ್ಮನೆ ಬಂದಿದ್ದ ಎಂದೇ ಪೊಲೀಸರು ಬರೆದುಕೊಂಡರು.

ಟೆಂಪೊದ ವಿಮಾ ಕಂಪನಿಯಿಂದ ಪರಿಹಾರ ಕೇಳಿ ಠಾಣೆಯ ಟ್ರಿಬ್ಯೂನಲ್‌ನಲ್ಲಿ ದಾವೆ ಹೂಡಿದವರು ವಕೀಲೆ ಕರ್ಣಿಕ್ ಬಾಯಿ. ಕಾಲಿಗೂ ನೋವಿಗೂ ಒಂದು ಪಾಲು, ಕಾಲು ಹೋದ್ದರಿಂದ ನಿಂತುಹೋದ ದುಡಿಮೆಗೆ ಇನ್ನೊಂದು ಪಾಲು. ದೊಡ್ಡದು ಎರಡನೆಯದೇ. ಅದು ಸಿಕ್ಕರೆ ಮನೆ ನಿಲ್ಲುತ್ತದೆ, ಇಲ್ಲದಿದ್ದರೆ ದಮಯಂತಿಯ ಪಿಕೊ ಮೆಷಿನ್ನೇ ನಿಜವಾಗಿಯೂ ಮನೆ ಸಾಕಬೇಕು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಚೀಲ ಹಿಡಿದ ಅಪರಿಚಿತನೊಬ್ಬ ಕಟ್ಟಡಕ್ಕೆ ಬಂದ. ತಾರಾನಾಥರೂ ದಮಯಂತಿಯೂ ಆಸ್ಪತ್ರೆಗೆ ಹೋಗಿದ್ದರು. ಸಂಜೆ ಅವರು ಮೆಟ್ಟಿಲು ಹತ್ತುವಾಗಲೇ ಪಂಕಜಾ ಗೆದ್ದವರ ಮುಖ ಮಾಡಿಕೊಂಡು ನಿಂತಿದ್ದರು.

"ಬಂದಿದ್ದ ರೀ ಒಬ್ಬ! ಏನ್ ಕೆಲ್ಸ ಮಾಡ್ತಿದ್ರು, ಎಷ್ಟು ಸಂಪಾದ್ನೆ ಅಂತ ತಲೆ ತಿಂದ. ನಾನು ಬಿಡ್ತೀನಾ? ದಸ್ ಸಾಲ್ ಸೇ ಘರ್ ಮೇ ಬೈಠಾ ಹೈ, ಏಕ್ ಪೈಸಾ ನಹೀಂ ಕಮಾಯಾ ಅಂತ ಹೇಳ್ದೆ. ಕೆಳಗಿನ ಅಜ್ಜೀನೂ ಅದನ್ನೇ ಹೇಳಿದ್ರು. ಪಾಪ, ಬಿಸಿಲಲ್ಲಿ ಬಂದಿದ್ದ ಅಂತ ಚಹಾನೂ ಕೊಟ್ಟೆ. ಎಲ್ಲಾ ಬರ್ಕೊಂಡ್ ಹೋದ!"

"ಯಾರು ಅಂತ ಕೇಳಿದ್ರಾ ಅಕ್ಕ?" ದಮಯಂತಿ ಕೇಳಿದರು.

"ಇನ್ಯಾರು, ಸಾಲದವ್ರ ಕಡೆಯೋನು."

ಅವನು ವಿಮಾ ಕಂಪನಿಯ ಕಡೆಯವನು. ಅದು ತಿಳಿದಾಗ ಪಂಕಜಾ ತಮ್ಮ ಬಾಗಿಲ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. "ಅಯ್ಯೋ ನನ್ನ ನಾಲಗೆ ಸೇದ್ಹೋಗ! ಚಹಾ ಬೇರೆ ಕೊಟ್ನಲ್ಲ!"

ತಾರಾನಾಥರಿಗೆ ನಗು ಬಂತು. "ನೀವೆಂತ ಮಾಡೋದು ಅಕ್ಕ, ಪೊಲೀಸರಿಗೆ ನಾನೇ ಹಾಗೆ ಹೇಳಿದ್ದೇನೆ. ಊರೆಲ್ಲ ಒಂದೇ ಪಾಠ ಬಾಯಿಪಾಠ ಮಾಡಿದ್ದೇವಲ್ಲ."

ಕರ್ಣಿಕ್ ಬಾಯಿ ನಗಲಿಲ್ಲ. ಅವರು ಹಿಂದಿಯಲ್ಲಿ ಬಿಡಿಸಿ ಹೇಳಿದ್ದು ಇಷ್ಟು: "ದುಡಿಯುತ್ತಿರಲಿಲ್ಲ ಎಂದರೆ ದುಡಿಮೆ ಹೋಯಿತು ಎಂದು ಕೇಳಲಿಕ್ಕಾಗದು. ದುಡಿಯುತ್ತಿದ್ದೆ ಎಂದರೆ, ದಿವಾಳಿಯಾದವನು ಇಷ್ಟು ವರ್ಷ ಸಂಪಾದನೆ ಮುಚ್ಚಿಟ್ಟ ಎಂದು ರಿಸೀವರ್ ಎದ್ದು ನಿಲ್ಲುತ್ತಾರೆ. ಬಂದ ಪರಿಹಾರದಲ್ಲೂ ಪಾಲು ಕೇಳುತ್ತಾರೆ. ಯಾವುದು ಬೇಕು, ನೀವೇ ಹೇಳಿ." ಆಮೇಲೆ ಸೇರಿಸಿದರು: "ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಸಂಸಾರ ನಡೆಯುವಷ್ಟನ್ನು ಯಾವ ಕೋರ್ಟೂ ಕಿತ್ತುಕೊಳ್ಳುವುದಿಲ್ಲ. ಆಗ ಯಾರನ್ನಾದರೂ ಕೇಳಬಾರದಿತ್ತೇ?"

ಕೇಳಿದ್ದರು. ಪಾಯಸ ಸುರಿದುಕೊಳ್ಳುತ್ತಿದ್ದವರನ್ನು.

ಆ ರಾತ್ರಿ ಊಟಕ್ಕೆ ಕೂತಾಗ ಅವರು ಬಾಯಿ ಬಿಡುವ ಮೊದಲೇ ದಿಶಾ ಹೇಳಿದಳು. "ಪಪ್ಪಾ, ಸಚ್ ಬೋಲ್ ದೋ ನಾ. ಪೈಸಾ ಜಾನೇ ದೋ."

"ದುಡ್ಡು ಹೋದ್ರೆ ನಿನ್ನ ಫೀಸು?"

"ಮೈ ಟ್ಯೂಷನ್ ಪಢಾ ಲೂಂಗೀ." ಅವಳು ಅನ್ನ ಕಲಸುತ್ತ ತಲೆ ತಗ್ಗಿಸಿದಳು. "ಅಬ್ ಕೋಯೀ ಪೂಛೇಗಾ ತೋ ಮೈ 'ಕುಛ್ ನಹೀಂ' ನಹೀಂ ಬೋಲೂಂಗೀ. ಬಸ್."

ತಾರಾನಾಥರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಮರುದಿನ ಕರ್ಣಿಕ್ ಬಾಯಿಗೆ ಫೋನು ಮಾಡಿಸಿದರು: ದುಡಿಯುತ್ತಿದ್ದೆ ಎಂದೇ ಹೇಳುತ್ತೇನೆ.

ಹೇಳಿದರೆ ಸಾಲದು, ಸಾಕ್ಷಿ ಬೇಕು. ಜಯಶೀಲ ಬರುತ್ತೇನೆಂದ. ಆದರೆ ಅವನು ಅಕ್ಕನ ಮಗ. ಸಂಬಂಧಿಕನ ಮಾತಿಗೆ ಎಷ್ಟು ಬೆಲೆ? ಟೆಂಪೊದ ಹುಡುಗರು ವರ್ಷಕ್ಕೊಬ್ಬರು ಬದಲಾಗಿದ್ದರು. ಅಷ್ಟೂ ವರ್ಷ ಅವರನ್ನು ಆ ಮಾರ್ಕೆಟ್ಟಿನಲ್ಲಿ ಕಂಡಿರಬಹುದಾದ ಹೊರಗಿನವರು ಯಾರು ಎಂದು ವಕೀಲೆ ಕೇಳಿದಾಗ ತಾರಾನಾಥರಿಗೆ ಹೊಳೆದದ್ದು ಒಂದು ಬಿಳಿ ಟೋಪಿ.

ಹರಿಶ್ಚಂದ್ರರ ಅಂಗಡಿಗೆ ಹೋದದ್ದು ಆಟೊದಲ್ಲಿ, ಊರುಗೋಲು ಹಿಡಿದು. ಅಕ್ಕಿಯ ಮಾದರಿಯನ್ನು ಅಂಗೈಯಲ್ಲಿ ಉಜ್ಜುತ್ತಿದ್ದ ಮುದುಕರು ತಲೆ ಎತ್ತಿದರು.

"ಓಹೋ. ಇವತ್ತು ಬೈರಾಸ ತಲೆ ಮೇಲೆ ಇಲ್ಲ?"

ತಾರಾನಾಥರು ಹೆಗಲ ಬೈರಾಸ ಮುಟ್ಟಿ ನೋಡಿಕೊಂಡರು.

"ಕೂತ್ಕೊ ಮಾರಾಯ. ಒಂಟಿ ಕಾಲಲ್ಲಿ ಎಷ್ಟು ನಿಲ್ತಿ? ನನಗೆ ಕಾಣ್ತಿರ್ಲಿಲ್ಲ ಅಂದ್ಕೊಂಡಿಯಾ? ಮಾರ್ಕೆಟ್ಟಲ್ಲಿ ಬೈರಾಸ ತಲೆಗೆ ಎಳ್ಕೊಂಡು ಕುಂಬಳಕಾಯಿ ಹಿಂದೆ ಅಡಗುವವ ಇಡೀ ವಾಶಿಗೆ ನೀನೊಬ್ಬನೇ."

"ಹರಿಶ್ಚಂದ್ರಣ್ಣ... ಹಾಗಾದ್ರೆ ಯಾಕೆ ಕೇಳ್ಲಿಲ್ಲ?"

"ಮೊದಮೊದಲು ಸಿಟ್ಟಿತ್ತು. ಹಿಡಿದು ನಾಲ್ಕು ಬಾರಿಸ್ಬೇಕು ಅಂತ ಒಂದು ದಿವಸ ಹತ್ತಿರ ಬಂದೆ. ನೀನು ಯಾರದೋ ಹೋಟ್ಲಿಗೆ ತೆಂಗಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸ್ತಾ ಇದ್ದಿ. ದುಡ್ಡಿರುವವ ಮಳೆಯಲ್ಲಿ ನಿಂತು ಬೇರೆಯವರ ತೆಂಗಿನಕಾಯಿ ಅಲ್ಲಾಡಿಸ್ತಾನಾ? ವಾಪಸು ಹೋದೆ."

ತಾರಾನಾಥರು ಬಂದ ಕೆಲಸ ಹೇಳಿದರು. ಪರಿಹಾರ ಬಂದರೆ ರಿಸೀವರರ ಮೂಲಕ ಹರಿಶ್ಚಂದ್ರರಿಗೂ ಒಂದು ಪಾಲು ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಮುದುಕರು ಅಕ್ಕಿಯನ್ನು ಮತ್ತೆ ಚೀಲಕ್ಕೆ ಹಾಕಿ ಕೈ ಕೊಡವಿಕೊಂಡರು.

"ಹಾಗಾದ್ರೆ ಬರದೆ ಇರ್ತೇನಾ? ಇದು ಧರ್ಮ ಅಲ್ಲ, ನನ್ನ ವ್ಯಾಪಾರ."

ಟ್ರಿಬ್ಯೂನಲ್ಲಿನಲ್ಲಿ ಕಂಪನಿಯ ವಕೀಲರು ಪೊಲೀಸರ ಕಾಗದ ಎತ್ತಿ ಹಿಡಿದರು: ಐಸೇ ಹೀ ಆಯಾ ಥಾ. ಆಮೇಲೆ ಸಾಕ್ಷಿ ಹೇಳಲು ಬಂದಿದ್ದ ಪಂಕಜಾರನ್ನು ಕೇಳಿದರು: "ಬಾಯಿ, ಅಂದು ಒಂದು ಹೇಳಿದಿರಿ, ಇಂದು ಒಂದು ಹೇಳುತ್ತೀರಿ. ಯಾವುದು ಸುಳ್ಳು?"

"ಅಂದಿನದೇ ಸುಳ್ಳು," ಎಂದರು ಪಂಕಜಾ ತಮ್ಮ ಮೈಸೂರು ಹಿಂದಿಯಲ್ಲಿ. "ಸುಳ್ಳು ಹೇಳೋದಾಗಿದ್ರೆ ಮನೇಲೇ ಕೂತು ಹೇಳ್ತಿದ್ದೆ. ಬಸ್ ಹತ್ತಿ ಇಲ್ಲೀತನಕ ಯಾಕ್ ಬರ್ತಿದ್ದೆ?"

ಹರಿಶ್ಚಂದ್ರರ ಸರದಿ ಬಂತು. ಇವನಿಂದ ನಷ್ಟ ಅನುಭವಿಸಿದವರು ನೀವು, ಇವನ ಪರ ಯಾಕೆ ಬಂದಿರಿ ಎಂದು ವಕೀಲರು ಕೇಳಿದರು. "ಅವನ ಪರ ಅಲ್ಲ ಸಾಬ್, ನನ್ನ ಪರ," ಎಂದರು ಮುದುಕರು. "ಆದರೆ ದಿನಾ ಬೆಳಿಗ್ಗೆ ಅವನು ಅಲ್ಲಿ ದುಡೀತಾ ಇದ್ದದ್ದು ನಿಜ. ನನ್ನನ್ನು ಕಂಡು ಅಡಗ್ತಿದ್ದದ್ದೂ ನಿಜ." ನ್ಯಾಯಾಧೀಶರೂ ನಕ್ಕರು.

ತೀರ್ಪು ಬರುವಾಗ ಎರಡು ಸಾವಿರದ ಹದಿನೈದು. ತಾರಾನಾಥರು ದುಡಿಯುತ್ತಿದ್ದರು ಎಂದು ಟ್ರಿಬ್ಯೂನಲ್ ಒಪ್ಪಿತು. ಆದರೆ ಕಾಗದಪತ್ರ ಒಂದೂ ಇಲ್ಲದ್ದರಿಂದ ಅವರ ಸಂಪಾದನೆಯನ್ನು ಸಾಮಾನ್ಯ ಹಮಾಲನ ಕೂಲಿಯಷ್ಟು ಎಂದು ಹಿಡಿಯಿತು. ನಿಜವಾಗಿ ಬರುತ್ತಿದ್ದುದರ ಅರ್ಧವೂ ಅಲ್ಲ. ಅಷ್ಟಕ್ಕೂ ರಿಸೀವರ್ ಬಂದು ಕೈ ಇಟ್ಟರು. ಕರ್ಣಿಕ್ ಬಾಯಿ ಮತ್ತೆ ಕೋರ್ಟಿಗೆ ಹೋಗಿ ಓಡಾಡಿದ ಮೇಲೆ ಹೀಗೆ ತೀರ್ಮಾನವಾಯಿತು: ಕಾಲಿಗೂ ನೋವಿಗೂ ಬಂದದ್ದು ಪೂರ್ತಿ ತಾರಾನಾಥರದು. ದುಡಿಮೆಯ ಪಾಲಿನಲ್ಲಿ ಸಂಸಾರಕ್ಕೆ ಬೇಕಾದಷ್ಟು ಬಿಟ್ಟು ಮಿಕ್ಕದ್ದು ಸಾಲ ಕೊಟ್ಟವರಿಗೆ. ಅದರ ಬೆನ್ನಿಗೇ, ಹಾಕಬೇಕಾಗಿದ್ದ ಕಾಲಕ್ಕೆ ಹಾಕದ ಅರ್ಜಿಯನ್ನೂ ಹಾಕಿಸಿದರು. ಕೋರ್ಟು ಕೊನೆಗೂ ಅವರನ್ನು ಮುಕ್ತ ಎಂದಿತು.

"ಏನುಳೀತು ಮಾವ ನಿಮಗೆ?" ಜಯಶೀಲ ನೊಂದುಕೊಂಡ.

"ಹೋದ ಕಾಲು ನನ್ನದು, ನಿಂತ ಕೆಲಸ ಅವರದ್ದು," ಎಂದರು ತಾರಾನಾಥರು. "ಸರಿಯಾಗಿಯೇ ಹಂಚಿದ್ದಾರೆ ಬಿಡು. ಕೆಲಸ ಇತ್ತು ಅಂತ ಆಯಿತಲ್ಲ."

ಜಯಶೀಲ ಡೊಂಬಿವಲಿಯಲ್ಲಿ ಹೊಸ ಹೋಟೆಲು ತೆರೆದಿದ್ದ. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಮಾವನನ್ನು ಕರೆದ. ಸಂಬಳ ಬ್ಯಾಂಕಿಗೆ, ತಾರಾನಾಥರ ಹೆಸರಿಗೇ. ಹತ್ತಿರದಲ್ಲಿಯೇ ನೆಲಮಹಡಿಯ ಒಂದು ಮನೆ ಸಿಕ್ಕಿತು. ಹೊಸದಾಗಿ ಹಾಕಿಸಿಕೊಂಡಿದ್ದ ಮರದ ಕಾಲಿಗೆ ವರ್ತಕ ನಗರದ ಮೂರನೇ ಮಾಳಿಗೆ ಆಗಿಬರುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಸಾಮಾನಿನ ಟೆಂಪೊ ಕೆಳಗೆ ಬಂದು ನಿಂತಿತು. ಡ್ರೈವರು ಅಂಗಳದಲ್ಲಿ ನಿಂತು ಮೇಲೆ ನೋಡುತ್ತ ಕೂಗಿದ: "ತಾರಾನಾಥ್ ಕೌನ್ ಹೈ?"

ಕಿಟಕಿಗಳಲ್ಲಿ ಮುಖಗಳು ಕಂಡವು. ಯಾರೂ ಉತ್ತರ ಕೊಡಲಿಲ್ಲ. ಮರಾಠಿ ಅಜ್ಜಿ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿದಳು. ಪಂಕಜಾ ಮೇಲಿನ ಕಂಬಿಯಿಂದ ಬಗ್ಗಿ, "ಕ್ಯೋಂ? ಕ್ಯಾ ಕಾಮ್ ಹೈ?" ಎಂದು ಗದರಿದರು. ಗದರಿದ ಮೇಲೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದಮಯಂತಿ ಪಿಕೊ ಮೆಷಿನ್ನನ್ನು ಹಮಾಲನ ತಲೆಗೆ ಹೊರಿಸಿ ಮೊದಲೇ ಇಳಿದಿದ್ದರು. ಖಾಲಿ ಮನೆಯಲ್ಲಿ ತಾರಾನಾಥರೊಬ್ಬರೇ ಇದ್ದರು. ಬಾಗಿಲ ಮೇಲಿನ ಬೋರ್ಡನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡರು. ಬೈರಾಸವನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಬಾಗಿಲು ಎಳೆದು, ಕೈಹಿಡಿಕೆಯ ಕಂಬಿ ಹಿಡಿದು, ಒಂದು ಮೆಟ್ಟಿಲು, ನಿಂತು, ಇನ್ನೊಂದು ಮೆಟ್ಟಿಲು ಹೀಗೆ ಇಳಿದು ಬಂದರು. ದಾರಿಯಲ್ಲಿ ಪ್ರತಿ ಬಾಗಿಲೂ ತೆರೆದುಕೊಂಡಿತು. ಯಾರಿಗೋ "ಬರ್ತೇನೆ" ಎಂದರು. ಯಾರದೋ ಮಗುವಿನ ತಲೆ ಸವರಿದರು.

ಡ್ರೈವರು ಇನ್ನೊಮ್ಮೆ ಕೂಗಲು ಬಾಯಿ ತೆರೆದಿದ್ದ.

"ಮೈ ಹೂಂ," ಎಂದರು ಅವರು, ಕೆಲಸಕ್ಕೆ ಹೊರಟವರ ಅವಸರದಲ್ಲಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. "ತಾರಾನಾಥ್ ಮೈ ಹೂಂ. ಚಲೋ, ಡೊಂಬಿವಲಿ. ಜಲ್ದೀ ಕರೋ, ಮುಝೇ ಕಾಮ್ ಪೇ ಜಾನಾ ಹೈ."