ಮೊದಲ ಜಳಕ

ಹೆಂಡತಿ ತೀರಿಕೊಂಡ ಮರುವರ್ಷವೇ ಮಗಳ ಚೊಚ್ಚಲ ಹೆರಿಗೆ ಬಂತು. ತಾಯಿ ಇಲ್ಲದ ತವರಿನಲ್ಲಿ ಬಾಣಂತನ ಹೇಗಾದೀತು ಎಂದು ಬೀಗರ ಕಡೆಯವರು ಗುಸುಗುಸು ಮಾಡಿದರು. ನನಗೆ ಸಿಟ್ಟು ಬಂತು. ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಮಗಳನ್ನೂ ಕೂಸನ್ನೂ ಬೈಲಹೊಂಗಲದ ನಮ್ಮ ಮನೆಗೇ ಕರೆತಂದೆ.

ಬಾಣಂತನವೆಂದರೆ ಮೊದಲು ಬಿಸಿನೀರು. ಮೈಗೆಲ್ಲ ಎಣ್ಣೆ ತಿಕ್ಕಿ, ಬೆನ್ನಿಗೂ ಸೊಂಟಕ್ಕೂ ಹಬೆಯಾಡುವ ನೀರು ಸುರಿಯಬೇಕು. ನಡುವೆ ನೀರು ಆರಿತೋ, ಬಾಣಂತಿಗೆ ಥಂಡಿ ಹೊಕ್ಕಿತೆಂದೇ ಲೆಕ್ಕ. ಬಚ್ಚಲಿನ ಹಂಡೆಗೆ ಉರಿ ಹಾಕುವುದು ನನಗೆ ಬಾರದು. ಹೀಗಾಗಿ ಒಲೆ ಒಡೆಸಿ, ಹೊರಗಿನ ಗಾಳಿಯ ಕಾವನ್ನು ಹೀರಿ ನೀರು ಕಾಯಿಸುವ ಹೀಟ್ ಪಂಪ್ ಕೂಡಿಸಿದೆ. “ಇದು ನಿಧಾನ ಕಾಸತೈತ್ರಿ ಸರ್, ಒಮ್ಮೆ ಟ್ಯಾಂಕ್ ಖಾಲಿ ಆದ್ರ ಮತ್ತ ಎರಡ್ಮೂರು ತಾಸು ಬೇಕು” ಎಂದ ಮೆಕ್ಯಾನಿಕ್. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಮೂವತ್ತು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವನು ನಾನು. ಇವನೇನು ನನಗೆ ಪಾಠ ಹೇಳುವುದು ಎಂದುಕೊಂಡು, ಹೂಂ ಹೂಂ ಅಂದು ಕಳಿಸಿದೆ.

ನೀರು ಎರೆಯಲು ಸಂಗೊಳ್ಳಿಯಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಒಂಬತ್ತರ ಹೊತ್ತಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲ ದಿನವೇ ಅರ್ಧ ಜಳಕದಲ್ಲಿ ಬಚ್ಚಲಿನಿಂದ ಕೂಗಿದಳು: “ಅಣ್ಣಾರ, ನೀರು ಆರಿತ್ರಿ.” ಮಗಳು ಎಣ್ಣೆಮೈಯಲ್ಲಿ ನಡುಗುತ್ತ ಕೂತಿದ್ದಳಂತೆ. ಗ್ಯಾಸಿನ ಮೇಲೆ ಪಾತೇಲಿ ಇಟ್ಟು ಹೇಗೋ ಮುಗಿಸಿದೆವು.

ಅಂದಿನಿಂದ ಯಂತ್ರದೊಂದಿಗೆ ನನ್ನ ಗುದ್ದಾಟ ಶುರುವಾಯಿತು. ಐವತ್ತು ಡಿಗ್ರಿಗೆ ಇದ್ದದ್ದನ್ನು ಐವತ್ತೈದು ಮಾಡಿದೆ, ಆಮೇಲೆ ಅರವತ್ತು. ಮಧ್ಯಾಹ್ನ ಓಡುತ್ತಿದ್ದುದನ್ನು ಟೈಮರ್ ತಿರುಗಿಸಿ ನಸುಕಿಗೆ ತಂದೆ. ಪೈಪಿಗೆ ಗೋಣಿಚೀಲ ಸುತ್ತಿದೆ. ಬದಲಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಎಂಟು ಗಂಟೆಗೆ ನಾನೇ ಜಳಕಕ್ಕೆ ಕೂಡುತ್ತಿದ್ದೆ. ನೀರಿನ ಬಿಸಿ ಏರಿದಂತೆ ನನ್ನ ಬಕೆಟುಗಳೂ ಏರಿದವು. ಇವತ್ತು ಗೆದ್ದೆ ಎಂದು ಟಾವೆಲು ಸುತ್ತಿಕೊಂಡು ಹೊರಬಂದರೆ, ಒಂಬತ್ತೂವರೆಗೆ ಮತ್ತೆ ಅದೇ ಕೂಗು. ಫೋನ್ ಮಾಡಿ ಮೆಕ್ಯಾನಿಕ್‌ಗೆ ಬಾಯಿಗೆ ಬಂದಂತೆ ಬೈದೆ. ಕುಣಿಯಲು ಬಾರದವಳಿಗೆ ನೆಲ ಡೊಂಕು.

ಎಂಟನೆಯ ದಿನ ಮಗಳಿಗೆ ಮೈ ಸುಡತೊಡಗಿತು, ಕೆಮ್ಮೂ ಬಂತು. ಡಾಕ್ಟರು ಗುಳಿಗೆ ಕೊಟ್ಟು, ಹೆದರುವಂಥದ್ದೇನಿಲ್ಲ ಅಂದರು. ನಾನು ಹೆದರಿದೆ. ಇವಳ ತಾಯಿ ಇದ್ದಿದ್ದರೆ ಎಂದು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೂ ಆ ಮಾತು ನನ್ನ ಕಿವಿಯಲ್ಲೇ ಇತ್ತು.

ಮರುದಿನ ಎರೆಯುವಾಕೆ ಬಂದಾಗ ನಾನು ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದೆ. ನನ್ನನ್ನೇ ನೋಡಿದಳು.

“ಅಣ್ಣಾರ, ಈ ಮನ್ಯಾಗ ಮೊದಲ ಜಳಕ ಯಾರದ್ರಿ?”

“ನಂದು. ಲಗ್ನ ಆದಾಗಿಂದ ನಂದ.”

“ಹಂಡೆ ಇದ್ದಾಗ, ನೀವು ಎದ್ದ ಮ್ಯಾಲೆ ಅದಕ್ಕ ನೀರು ಹೊಯ್ದು ಉರಿ ಹಾಕಾವ್ರು ಯಾರಿದ್ರಿ?”

ಹೆಂಡತಿ ಇದ್ದಷ್ಟು ವರ್ಷ ಆ ಹಂಡೆ ಬರಿದಾದದ್ದನ್ನು ನಾನು ಕಂಡಿರಲಿಲ್ಲ. ಯಾರೋ ಅದನ್ನು ತುಂಬಿಸುವುದನ್ನೂ ಕಂಡಿರಲಿಲ್ಲ. ಹಂಡೆಯೆಂದರೆ ತುಂಬಿಯೇ ಇರುತ್ತದೆ ಎಂದುಕೊಂಡಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು.

ಆಕೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಮಗಳ ಹೊರಸಿನ ಅಂಚಿಗೆ ಕೂತೆ.

“ಬಿಸಿನೀರೆಲ್ಲಾ ನಾನ ಖಾಲಿ ಮಾಡತೇನಿ ಅಂತ ನಿನಗ ಗೊತ್ತಿತ್ತೇನು?”

“ಮೊದಲನೇ ದಿನಾನ ಗೊತ್ತಾತ್ರಿ ಅಪ್ಪಾ. ನಿಮ್ಮ ಬಕೆಟ್ ತುಂಬೂದು ಇಲ್ಲಿ ಕೇಳಸ್ತೈತಿ.”

“ಮತ್ತ ಹೇಳಬಾರದಿತ್ತೇನವಾ?”

ಅವಳು ಕೌದಿಯನ್ನು ಕತ್ತಿನವರೆಗೆ ಎಳೆದುಕೊಂಡಳು. ಕೆಮ್ಮು ನಿಲ್ಲುವವರೆಗೆ ಕಾದಳು.

“ಅವ್ವ ಜ್ವರದಾಗೂ ಎದ್ದು ಹಂಡೆ ತುಂಬಾಕ ಹೋಗತಿದ್ಲು. ನಾ ಅಪ್ಪಗ ಹೇಳತೇನಿ ಅಂದ್ರ, ಬ್ಯಾಡವಾ, ಅವರಿಗೆ ಕೆಟ್ಟ ಅನಸ್ತೈತಿ ಅಂತಿದ್ಲು. ನನಗೂ ಹೇಳಾಕ ಆಗಲಿಲ್ರಿ.”