ಶಿವಗಂಗಮ್ಮನ ಸೊಪ್ಪಿನ ಗೋಡೆ

ಮದ್ರಾಸಿನ ಪುರಸೈವಾಕ್ಕಂನಲ್ಲಿ ಗುರುಬಸಪ್ಪನವರದು ಪರದೆ, ನೆಲಹಾಸುಗಳ ಅಂಗಡಿ. ದಾವಣಗೆರೆಯಿಂದ ಬಂದ ಮೇಲೆ ಅವರ ಹೆಂಡತಿ ಶಿವಗಂಗಮ್ಮನಿಗೆ ಬಾಡಿಗೆ ಮನೆಯ ತಾರಸಿಯೇ ಹಿತ್ತಲಾಗಿತ್ತು. ಕುಂಡಗಳಲ್ಲಿ ಸೊಪ್ಪು ಬೆಳೆಯುತ್ತಿದ್ದರು. ೨೦೦೧ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಓಡಾಡುವಂತಾದರೂ ಇನ್ನು ಬಗ್ಗುವಂತಿಲ್ಲ ಎಂದರು ಡಾಕ್ಟರು. ಕುಂಡಗಳು ಒಣಗಿದವು. ಶಿವಗಂಗಮ್ಮ ತಾರಸಿಯ ಕಡೆ ಹೋಗುವುದನ್ನೇ ಬಿಟ್ಟರು.

ಒಮ್ಮೆ ಮೊಳಕೆಗೆಂದು ಒದ್ದೆ ಬಟ್ಟೆಯಲ್ಲಿ ಮೆಂತ್ಯ ಕಟ್ಟಿ, ಗೂಟಕ್ಕೆ ನೇತುಹಾಕಿ ಮರೆತುಬಿಟ್ಟರು. ನೆನಪಾಗಿ ಬಿಚ್ಚಲು ಹೋದರೆ ಬೇರುಗಳು ನೂಲಿನೊಳಗೆ ಹೆಣೆದುಕೊಂಡಿದ್ದವು. ಎಳೆಯ ಎಲೆಗಳು ಹೊರಗೆ ಇಣುಕುತ್ತಿದ್ದವು.

"ರೀ, ಇಲ್ಲಿ ನೋಡ್ರಿ. ಇದಕ್ಕ ಮಣ್ಣೇ ಬೇಕಾಗಿಲ್ಲ. ಗೋಡೆಗೆ ಬಟ್ಟಿ ಕಟ್ಟಿದ್ರ ನಾನು ನಿಂತುಕೊಂಡೇ ಸೊಪ್ಪು ಬೆಳೀಬಹುದಲ್ಲ?"

ಗುರುಬಸಪ್ಪ ನಗಲಿಲ್ಲ. ಹಳೆಯ ಹತ್ತಿ ಹೊದಿಕೆಯೊಂದನ್ನು ತಾರಸಿಯ ಗೋಡೆಗೆ ಬಿಗಿದು ಕೊಟ್ಟರು. ಮೆಂತ್ಯವೇನೋ ಬಂತು, ಆದರೆ ಸದಾ ನೆನೆದ ಹತ್ತಿ ಕೊಳೆತು ನಾರತೊಡಗಿತು. ಕೆಳಗಿನ ಮನೆಯಲ್ಲೇ ಇದ್ದ ಮಾಲಕಿ ಅಂಬುಜಮ್ಮ ಮೇಲೆ ಬಂದರು. ಅವರ ಮನೆತನ ಕನ್ನಡ ನಾಡಿನಿಂದ ಮದ್ರಾಸಿಗೆ ಬಂದು ಮೂರು ತಲೆಮಾರು, ಮಾತಿನಲ್ಲಿ ತಮಿಳು ಬೆರೆತಿತ್ತು. ಕಿತ್ತು ಹಾಕು ಅನ್ನುತ್ತಾರೇನೋ ಎಂದು ಶಿವಗಂಗಮ್ಮನಿಗೆ ದಿಗಿಲು.

"ಏನು ನಾತ ಅಂತ ನೋಡಕ್ಕೆ ಬಂದೆ. ಕೀರೆ, ಸೊಪ್ಪು ಬೆಳೆಸ್ತಿದ್ದೀಯಾ? ಬೆಳೆಸಮ್ಮಾ, ಪರವಾಯಿಲ್ಲೆ. ಬಟ್ಟೆ ಮಾತ್ರ ಬೇರೆ ಹಾಕು," ಎಂದರು ಅಂಬುಜಮ್ಮ.

ಗುರುಬಸಪ್ಪ ಅಂಗಡಿಯಿಂದ ನೆಲಹಾಸಿನ ಅಡಿಗೆ ಹಾಸುವ ದಪ್ಪ ಬಟ್ಟೆ ತಂದರು. ಅದು ಕೊಳೆಯುವ ಜಾತಿಯದಲ್ಲ. ಗೋಡೆಗೆ ತೇವ ತಾಗದಂತೆ ಹಿಂದೆ ಪ್ಲಾಸ್ಟಿಕ್ ಹಾಳೆ ಹಾಕಿ, ಬಟ್ಟೆಯನ್ನು ಎರಡು ಪದರ ಕಟ್ಟಿದರು. ಮೇಲಿನ ಪದರವನ್ನು ಜೇಬಿನಂತೆ ಸೀಳಿ ಶಿವಗಂಗಮ್ಮ ಹರಿವೆ, ಪುದೀನದ ಸಸಿ ನೆಟ್ಟರು. ತೂತು ಕೊರೆದ ಪೈಪಿನಿಂದ ನೀರು ಬಟ್ಟೆಯೊಳಗೇ ಜಿನುಗಿ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಅದನ್ನೇ ಸಣ್ಣ ಪಂಪಿನಿಂದ ಮತ್ತೆ ಮೇಲಕ್ಕೆ ಹಾಯಿಸುವುದು. ನೀರಿಗೆ ಬೆರೆಸುವ ಗೊಬ್ಬರ ಮಾಧವರಂನ ನರ್ಸರಿಯಿಂದ ಬರುತ್ತಿತ್ತು.

೨೦೦೩ರ ಬೇಸಿಗೆಯಲ್ಲಿ ನಲ್ಲಿಗಳು ಬತ್ತಿದವು. ಕುಡಿಯಲು ಲಾರಿ ನೀರಿಗೆ ಕಾಯುವಾಗ ಗಿಡಕ್ಕೆಲ್ಲಿಂದ ತರುವುದು? ಶಿವಗಂಗಮ್ಮ ಆಸೆ ಬಿಟ್ಟಿದ್ದರು. ಅಷ್ಟರಲ್ಲಿ ಕೆಳಗಿನ ಮನೆಗಳಿಂದ ಅಕ್ಕಿ ತೊಳೆದ ನೀರು ಮೇಲೆ ಬರತೊಡಗಿತು. ಎಲ್ಲರಿಗೂ ಹೇಳಿದವರು ಅಂಬುಜಮ್ಮ. ಸೋಸಿ ಹಾಕಿದ ಆ ನೀರಲ್ಲೇ ಗೋಡೆ ಬದುಕಿತು.

ಮಳೆ ಬಂದ ಮೇಲೆ ಸೊಪ್ಪು ದಟ್ಟವಾಯಿತು. ಶಿವಗಂಗಮ್ಮ ಮನೆಮನೆಗೂ ಹಂಚಿದರು. ಎಲ್ಲಕ್ಕಿಂತ ದೊಡ್ಡ ಕಟ್ಟನ್ನು ಅಂಬುಜಮ್ಮನ ಕೈಗಿಟ್ಟರು.

"ಅವತ್ತು ನೀವು ಬ್ಯಾಡ ಅಂದಿದ್ರ ನಾನು ಹಾಸಿಗಿ ಹಿಡೀತಿದ್ದೆ ಅಮ್ಮಾ."

"ಅದೆಲ್ಲ ಇರಲಿ," ಎಂದರು ಅಂಬುಜಮ್ಮ, ಅವರ ಕೈ ಹಿಡಿದು. "ನಾಳೆ ಪುದೀನ ಜಾಸ್ತಿ ಕೊಡು. ಚಟ್ನಿ ಅರೀಬೇಕು, ನೀನೂ ಊಟಕ್ಕೆ ಬಾ."